ತನನ್ ತನನ್ ತನನನ್: ಇಸ್ತಾಂಬುಲಿನಲ್ಲಿ ಒಂದು ಬೆಳಗು

ಸುಲೇಮಾನಿಯೆ ಮಸೀದಿಯ ಗುಮ್ಮಟ ನೋಡಲು ಜನ ಸಾಲುಗಟ್ಟಿ ಬರುತ್ತಾರೆ. ನಾನು ಪಕ್ಕದ ಹಳೆಯ ಮದರಸಾದೊಳಗೆ ಹೋದೆ. ಅದೀಗ ಹಸ್ತಪ್ರತಿಗಳ ಗ್ರಂಥಾಲಯ. ಮೂಲ ಪ್ರತಿ ಕೈಗೆ ಸಿಗಲಿಲ್ಲ, ಕಂಪ್ಯೂಟರಿನಲ್ಲಿ ಪುಟಗಳ ಚಿತ್ರ ನೋಡಿದೆ. ನನಗೆ ಬೇಕಿದ್ದದ್ದು ನೂರುಒಸ್ಮಾನಿಯೆ ಸಂಗ್ರಹದ 3653ನೇ ಪ್ರತಿ. ಬಾಗ್ದಾದಿನ ಸಂಗೀತಶಾಸ್ತ್ರಜ್ಞ ಸಫಿಯುದ್ದೀನ್ ಉರ್ಮವಿಯ ‘ಕಿತಾಬ್ ಅಲ್-ಅದ್ವಾರ್’, ಅಂದರೆ ವರ್ತುಲಗಳ ಪುಸ್ತಕ. ಪ್ರತಿಯ ಕಾಲ 1236. ಆಗ ಅವನಿಗೆ ಇಪ್ಪತ್ತರ ಆಸುಪಾಸು.

ನಾನು ವೀಣೆ ಕಲಿತವಳು. ನಮ್ಮಲ್ಲಿ ಸ್ಥಾಯಿಗೆ 12 ಮೆಟ್ಟಿಲು. ಉರ್ಮವಿ ಊದ್ ವಾದ್ಯದ ತಂತಿಯನ್ನು ಅಳೆದು ಒಂದು ಸ್ಥಾಯಿಯಲ್ಲಿ 17 ಸ್ಥಾನ ಗುರುತಿಸಿದ. ಒಂದೊಂದಕ್ಕೂ ಅಕ್ಷರವೇ ಹೆಸರು. ಖಾಲಿ ತಂತಿಗೆ ಅಲಿಫ್, ಮುಂದಿನದಕ್ಕೆ ಬೇ, ಹೀಗೆ. ಹಾಡು ಬರೆಯುವಾಗ ಅಕ್ಷರದ ಕೆಳಗೆ ಅಂಕಿ, ಆ ಸ್ವರ ಎಷ್ಟು ಹೊತ್ತು ನಿಲ್ಲಬೇಕು ಎಂದು. ಆ ಅಂಕಿಗಳನ್ನು ಕಂಡಾಗ ಮೈ ಜುಮ್ಮೆಂದಿತು. ಯಾರದೋ ಕೊರಳು ಎಷ್ಟು ಹೊತ್ತು ನಿಂತಿತ್ತು ಅನ್ನುವುದರ ಲೆಕ್ಕ ಅದು.

ಪುಸ್ತಕವಿರುವುದು ಅರಬಿಯಲ್ಲಿ. ಆದರೆ ಅದನ್ನು ಎದೆಗೊತ್ತಿಕೊಂಡು ಬೆಳೆಸಿದವರಲ್ಲಿ ಪರ್ಷಿಯನ್ ಬರಹಗಾರರೇ ಮುಖ್ಯರು. ಕುತುಬುದ್ದೀನ್ ಶೀರಾಜಿ ತನ್ನ ವಿಶ್ವಕೋಶದಲ್ಲಿ ಸಂಗೀತಕ್ಕೊಂದು ದೊಡ್ಡ ಭಾಗ ಕೊಟ್ಟ. ಅಬ್ದುಲ್ ಖಾದಿರ್ ಮರಾಗಿ ಉರ್ಮವಿಯ ಪುಸ್ತಕಕ್ಕೆ ಪರ್ಷಿಯನ್ನಿನಲ್ಲಿ ವ್ಯಾಖ್ಯಾನ ಬರೆದ. ಅವನದೇ ಕೈಬರಹದ ‘ಜಾಮಿ ಅಲ್-ಅಲ್ಹಾನ್’ ಕೂಡ ಇದೇ ಸಂಗ್ರಹದಲ್ಲಿದೆ. ಉರ್ಮವಿ, ಮರಾಗಿ ಇಬ್ಬರ ಬದುಕನ್ನೂ ಬಾಗ್ದಾದಿನ ಪತನ ಅಲುಗಾಡಿಸಿತು, ಬೇರೆ ಬೇರೆ ಕಾಲದಲ್ಲಿ. 1258ರಲ್ಲಿ ಮಂಗೋಲ ದಂಡನಾಯಕ ಹುಲಗು ಬಂದಾಗ ಉರ್ಮವಿ ಊದ್ ನುಡಿಸಿ ಅವನನ್ನು ಒಲಿಸಿಕೊಂಡನೆಂಬ ಕಥೆಯಿದೆ. 1393ರಲ್ಲಿ ತೈಮೂರ್ ಆ ಊರನ್ನು ಹಿಡಿದ ಮೇಲೆ ಮರಾಗಿ ಸಮರಖಂದಕ್ಕೆ ಹೋಗಬೇಕಾಯಿತು. ಅವನು ತೀರಿಕೊಂಡದ್ದು 1435ರಲ್ಲಿ, ಹೆರಾತಿನಲ್ಲಿ. ಊರುಗಳು ಸುಟ್ಟರೂ ಲಿಪಿಕಾರರು ನಕಲು ಮಾಡುವುದನ್ನು ಬಿಡಲಿಲ್ಲ. ಅವರಿಗೆ ನನ್ನ ನಮಸ್ಕಾರ.

ಕೊನೆಯಲ್ಲಿ ತಾಳಗಳನ್ನು ವೃತ್ತದ ಸುತ್ತ ಬರೆದಿರುವ ವರ್ತುಲಗಳಿಗೆ ಬಂದೆ. ಅಲ್ಲಿ ‘ಸಕೀಲ್ ಅವ್ವಲ್’ ಎಂಬ ತಾಳ: ತನನ್ ತನನ್ ತನನನ್ ತನ್ ತನನನ್. ಮೆಲ್ಲಗೆ ಓದಿಕೊಂಡೆ. ನಮ್ಮ ಲಘು-ಗುರು ಲೆಕ್ಕದಲ್ಲೇ ಮಾತ್ರೆ ಎಣಿಸಿದರೆ ಮೂರು, ಮೂರು, ನಾಲ್ಕು, ಎರಡು, ನಾಲ್ಕು. ಒಟ್ಟು 16. ಅರಬಿ ಛಂದಸ್ಸಿನ ಅಳತೆಯೂ ಹ್ರಸ್ವ-ದೀರ್ಘದ್ದೇ ಆದ್ದರಿಂದ ಲೆಕ್ಕ ಒಂದಿಷ್ಟೂ ತಪ್ಪಲಿಲ್ಲ. ಶಾಲೆಯಲ್ಲಿ ಪ್ರಸ್ತಾರ ಹಾಕಲು ಕಲಿತ ಯಾವ ಕನ್ನಡಿಗರಾದರೂ ಇದನ್ನು ಎಣಿಸಬಲ್ಲರು.

ಮಧ್ಯಾಹ್ನ, ಚಾವಣಿ ಹೊದಿಸಿದ ಹಳೆಯ ಸಂತೆಯ ಪಕ್ಕದ ನೂರುಒಸ್ಮಾನಿಯೆ ಮಸೀದಿಯತ್ತ ನಡೆದೆ. ಆ ಪ್ರತಿಗಳಿಗೆ ಹೆಸರು ಬಂದದ್ದು ಅಲ್ಲಿಂದ. ಅಂಗಳದ ಕಲ್ಲಿನ ಮೇಲೆ ಕೂತು ತೊಡೆಯ ಮೇಲೆ ತಾಳ ಹಾಕಿದೆ. ಆದಿತಾಳದ ಎರಡು ಆವರ್ತಕ್ಕೆ ಸರಿಯಾಗಿ ಕೂರುತ್ತದೆ, ಆದರೆ ಒತ್ತು ಬೀಳುವ ಜಾಗವೇ ಬೇರೆ. ಎಂಟಕ್ಕೆ ಇಳಿಯಲು ಹೋದ ಕೈ ‘ತನನನ್’ನ ನಡುವೆಯೇ ನಿಂತುಬಿಡುತ್ತಿತ್ತು. ಅಂಗೈ ಕೆಂಪಾಗುವವರೆಗೂ ಹಾಕಿದೆ. ಮೂರನೇ ಸುತ್ತಿಗೆ ಕೂಡಿ ಬಂತು.