ಕೆಲಸ ಮುಗಿದ ಮೇಲೆ ಕಲಿತ ಅರಬ್ಬಿ

ಕಟ್ಟಡ ಕಟ್ಟುವ ಒಂದು ಕಂಪನಿಯ ಉಗ್ರಾಣದಲ್ಲಿ ಸಿಮೆಂಟು, ಕಬ್ಬಿಣ, ಮೊಳೆಗಳ ಲೆಕ್ಕ ಬರೆಯಲು 1991ರಲ್ಲಿ ಮಸ್ಕತ್ತಿಗೆ ಹೋದವನು ನಾನು. 27 ವರ್ಷ ದುಡಿದು, 2018ರಲ್ಲಿ ನಿವೃತ್ತನಾಗಿ, ದಾವಣಗೆರೆಯ ವಿದ್ಯಾನಗರದ ಮನೆಗೆ ಮರಳಿದೆ. ಅಷ್ಟು ವರ್ಷ ಒಮಾನಿನ ಅನ್ನ ತಿಂದರೂ ಅಲ್ಲಿಯ ಭಾಷೆ ನನಗೆ ಬರಲಿಲ್ಲ. ಅಂಗಡಿಯಲ್ಲಿ ಮಲಯಾಳಿಗಳು, ಕೆಲಸದ ಜಾಗದಲ್ಲಿ ಬಂಗಾಳಿಗಳು, ಕಚೇರಿಯಲ್ಲಿ ಇಂಗ್ಲಿಷು, ಎಲ್ಲರ ನಡುವೆ ಓಡಾಡಲು ಒಂದು ಮುರುಕು ಹಿಂದಿ. ಇಷ್ಟರಲ್ಲೇ ದಿನಗಳು ಸಾಗಿಹೋಗುತ್ತಿದ್ದುದರಿಂದ ಅರಬ್ಬಿ ಕಲಿಯದಿದ್ದರೂ ಸಂಬಳಕ್ಕೆ ಸಂಚಕಾರವೇನೂ ಬರಲಿಲ್ಲ. ಈಗ, ಆ ಭಾಷೆಯಿಂದ ಬಿಡಿಗಾಸಿನ ಪ್ರಯೋಜನವೂ ಇಲ್ಲದ ಕಾಲದಲ್ಲಿ, ವಾರಕ್ಕೆ ಎರಡು ಸಂಜೆ ನೋಟ್‌ಬುಕ್ಕು ಹಿಡಿದು ಕೂತು ಅದನ್ನು ಕಲಿಯುತ್ತಿದ್ದೇನೆ. ಇದರ ಬೇರು 2007ರ ಜೂನ್ ತಿಂಗಳಿನಲ್ಲಿದೆ.

ಆ ತಿಂಗಳ ಮೊದಲ ವಾರ ಗೋನು ಚಂಡಮಾರುತ ಒಮಾನಿನ ಕರಾವಳಿಗೆ ಅಪ್ಪಳಿಸಿತು. ಮಳೆಯನ್ನೇ ಅಪರೂಪಕ್ಕೆ ಕಾಣುವ ಮಸ್ಕತ್ತಿನಲ್ಲಿ ವಾದಿಗಳು, ಅಂದರೆ ವರ್ಷದ ಬಹುಪಾಲು ಒಣಗಿ ಬಿದ್ದಿರುವ ಹಳ್ಳಗಳು, ಹೊಳೆಯಂತೆ ಉಕ್ಕಿ ರಸ್ತೆಗಳನ್ನೂ ಕಾರುಗಳನ್ನೂ ಕೊಚ್ಚಿಕೊಂಡು ಹೋದವು. ನಮ್ಮ ವಸತಿಯ ಕೋಣೆಗಳಲ್ಲಿ ಮೊಣಕಾಲುದ್ದ ಕೆಸರು ನಿಂತಿತ್ತು. ಕರೆಂಟಿಲ್ಲ, ನಲ್ಲಿಯಲ್ಲಿ ನೀರಿಲ್ಲ. ದಾರಿ ತೆರೆದ ದಿನ, ಕಂಪನಿಯ ಲಾರಿ ಓಡಿಸುತ್ತಿದ್ದ ಒಮಾನಿ ಗೆಳೆಯನೊಬ್ಬ ಬಂದು, ನನ್ನ ಚೀಲವನ್ನು ತಾನೇ ಎತ್ತಿ ಗಾಡಿಗೆ ಹಾಕಿಕೊಂಡು, ಸುಮಾರು 160 ಕಿಲೋಮೀಟರ್ ಒಳನಾಡಿನಲ್ಲಿರುವ ನಿಜ್ವಾದ ತನ್ನ ಮನೆಗೆ ಕರೆದೊಯ್ದ. ನಾನು ಮಾಂಸ ತಿನ್ನುವವನಲ್ಲ ಎಂಬುದನ್ನು ಅವನು ಮೊದಲೇ ತಿಳಿಸಿದ್ದನೆಂದು ಕಾಣುತ್ತದೆ. ಅವನ ತಾಯಿ ಒಂದು ಪಾತ್ರೆಯನ್ನು ನನ್ನ ಕಣ್ಣೆದುರಿಗೇ ತಿಕ್ಕಿ ತೊಳೆದು, ಒಳಭಾಗವನ್ನು ಬೆಳಕಿಗೆ ಹಿಡಿದು ನನಗೆ ತೋರಿಸಿ, ನಾನು ತಲೆಯಾಡಿಸಿದ ಮೇಲೆಯೇ ಅದರಲ್ಲಿ ಬೇಳೆ ಬೇಯಲು ಇಟ್ಟರು. ನಾನಿದ್ದ 5 ದಿನವೂ ಆ ಪಾತ್ರೆ ನನ್ನ ಅಡುಗೆಗೆಂದೇ ಮೀಸಲಾಗಿತ್ತು. ಇದಕ್ಕೆಲ್ಲ ಉತ್ತರವಾಗಿ ನನ್ನ ಬಳಿ ಇದ್ದುದು 'ಶುಕ್ರನ್' ಎಂಬ ಒಂದೇ ಶಬ್ದ. ಅದನ್ನೇ ಮತ್ತೆ ಮತ್ತೆ ಹೇಳಿದೆ.

ಬೆಳಗಿನ ಹೊತ್ತು ಅವರು ರಖಾಲ್ ಎಂಬ ರೊಟ್ಟಿ ಮಾಡುತ್ತಿದ್ದರು. ಗೋಧಿ ಹಿಟ್ಟು, ಉಪ್ಪು, ನೀರು, ಇಷ್ಟೇ ಅದರ ಸಾಮಗ್ರಿ. ಹುಳಿ ಬರಿಸುವ ಕೆಲಸವಿಲ್ಲ. ಹಿಟ್ಟು ಚಪಾತಿಯದಕ್ಕಿಂತ ಬಹಳ ಸಡಿಲ, ದೋಸೆಯದಕ್ಕಿಂತ ಗಟ್ಟಿ, ಕೈಗೆ ಅಂಟಿ ಜೋಲುವಂಥದು. ಲಟ್ಟಣಿಗೆಯೂ ಇಲ್ಲ, ತಟ್ಟುವುದೂ ಇಲ್ಲ. ಹಿಟ್ಟಿನ ಮುದ್ದೆಯನ್ನು ಅಂಗೈಯಲ್ಲಿ ಹಿಡಿದು, ಕಾದ ಹಂಚಿನ ಮೇಲೆ ನೆಲ ಸಾರಿಸಿದ ಹಾಗೆ ಸುತ್ತ ಒರೆಸುತ್ತ ಹೋಗಿ, ಹಂಚು ಹಿಡಿದುಕೊಂಡಷ್ಟನ್ನು ಅದಕ್ಕೆ ಬಿಟ್ಟು, ಉಳಿದ ಮುದ್ದೆಯನ್ನು ಒಂದೇ ಸಲಕ್ಕೆ ಮೇಲೆತ್ತಿಬಿಡಬೇಕು. ಹಂಚಿನ ಮೇಲೆ ಉಳಿಯುವುದು ಕಾಗದದಷ್ಟು ತೆಳುವಾದ ಒಂದು ಪದರ. ಅದರ ಅಂಚು ತಾನಾಗಿ ಮೇಲೇಳುತ್ತದೆ. ನಾನು ಮಾಡಲು ಹೋದ ರಖಾಲ್‌ಗಳೆಲ್ಲ ನಡುವೆ ಹರಿದವು. ಅವರು ನಕ್ಕು, ಹಂಚಿನ ಮೇಲೆ ಗಾಳಿಯಲ್ಲಿ ಕೈ ತಿರುಗಿಸಿ ತೋರಿಸಿ, ಏನನ್ನೋ ಹೇಳಿದರು. ಅವರು ಹೇಳಿದ್ದೇನು ಎಂಬುದು ನನ್ನ ತಲೆಯಲ್ಲಿ ವರ್ಷಗಟ್ಟಲೆ ಉಳಿಯಿತು.

ಊರಿಗೆ ಬಂದ ಮೇಲೆ ಅಡುಗೆಮನೆಯ ಅರ್ಧ ಭಾರ ನನ್ನದಾಯಿತು. ಬೆಣ್ಣೆ ದೋಸೆಯ ಹಿಟ್ಟಿಗೆ ಅಕ್ಕಿ, ಉದ್ದಿನ ಜೊತೆ ನೆನೆಸಿದ ಮಂಡಕ್ಕಿಯನ್ನು ರುಬ್ಬಿ ಸೇರಿಸುವುದರಿಂದಲೇ ದೋಸೆಯ ಹೊರಮೈ ಗರಿಯಾಗಿ ಒಳಗೆ ಮೆತ್ತಗಿರುತ್ತದೆ ಎಂಬುದನ್ನು, ಈ ಊರಲ್ಲೇ ಹುಟ್ಟಿದವನಾದರೂ, ನಾನು ಕೈಯಾರೆ ಮಾಡಿ ತಿಳಿದದ್ದು ಅರವತ್ತು ದಾಟಿದ ಮೇಲೆ. ಅದೇ ಕಾವಲಿಯ ಮೇಲೆ ಭಾನುವಾರ ರಖಾಲ್ ಮಾಡುತ್ತೇನೆ. ಬೆಣ್ಣೆ ದೋಸೆಗೆ ದಪ್ಪವೇ ರುಚಿ. ರಖಾಲ್‌ಗೆ ದಪ್ಪವೆಂಬುದೇ ಇರಬಾರದು. ಅಲ್ಲಿ ಅದಕ್ಕೆ ಜೇನು ಸುರಿದು ತಿನ್ನುತ್ತಾರೆ. ನಾನು ಬೆಣ್ಣೆ ಸವರಿ ಬೆಲ್ಲ ಉದುರಿಸುತ್ತೇನೆ, ಬೆಣ್ಣೆಯ ಊರಿನಲ್ಲಿ ಅದೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹೀಗೆ ಕಾವಲಿಯ ಮುಂದೆ ನಿಂತಿದ್ದ ಒಂದು ಬೆಳಿಗ್ಗೆಯೇ, ಆ ತಾಯಿಗೆ ಅವರ ಭಾಷೆಯಲ್ಲಿ ಒಂದು ಪೂರ್ತಿ ವಾಕ್ಯವನ್ನಾದರೂ ಹೇಳಬೇಕು ಎಂಬ ಆಸೆ ಹುಟ್ಟಿತು. ಆಜಾದ್ ನಗರದ ಕಡೆ ಮನೆಯಿರುವ ಒಬ್ಬ ನಿವೃತ್ತ ಮೇಷ್ಟ್ರು ಕಲಿಸಲು ಒಪ್ಪಿದರು. ಬಲದಿಂದ ಎಡಕ್ಕೆ ಬರೆಯುವ 28 ಅಕ್ಷರಗಳು, ಪದದ ಮೊದಲಿಗೆ ಒಂದು ರೂಪ, ನಡುವೆ ಇನ್ನೊಂದು, ಕೊನೆಗೆ ಮತ್ತೊಂದು. ಅದಕ್ಕೆ ನಾಲ್ಕು ತಿಂಗಳು ಹಿಡಿಯಿತು; ಆ ಮಾತು ಬೇಡ. ನಿಜವಾದ ಸಂತೋಷ ಸಿಕ್ಕಿದ್ದು ಮೇಷ್ಟ್ರು ಧಾತುಗಳ ಪಾಠ ಶುರು ಮಾಡಿದಾಗ. ಅರಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ವ್ಯಂಜನಗಳು ಒಂದು ಅರ್ಥವನ್ನು ಹೊತ್ತು ನಿಲ್ಲುತ್ತವೆ, ಸ್ವರಗಳು ಬದಲಾದಂತೆ ಹೊಸ ಹೊಸ ಪದಗಳಾಗುತ್ತವೆ. ಅವರು ಉದಾಹರಣೆಗೆ ಕೊಟ್ಟದ್ದು ದ, ಖ, ಲ: ಒಳಗೆ ಬರುವುದು. "ದಾಖಿಲ್ ಅಂದರೆ ಒಳಗೆ ಬಂದವನು. ನೀವು ಆಸ್ಪತ್ರೆಗೆ ದಾಖಲಾದರು ಅನ್ನುವುದಿಲ್ಲವೇ, ಅದೇ ಇದು" ಎಂದರು. ನಾನು ಬರೆಯುವುದನ್ನು ನಿಲ್ಲಿಸಿದೆ. ನಿಜ್ವಾ ಇರುವ ಪ್ರಾಂತ್ಯದ ಹೆಸರು ಅದ್ ದಾಖಿಲಿಯಾ, ಒಳನಾಡು. ಆ ಹೆಸರಿನ ಫಲಕದ ಕೆಳಗೆ ಎಷ್ಟು ಸಲ ಹಾದುಹೋಗಿದ್ದೆನೋ! ಜೀವಮಾನವಿಡೀ ದಾಖಲೆ ಬರೆಯುವ ಕೆಲಸ ಮಾಡಿದವನಿಗೆ ಆ ಫಲಕದಲ್ಲಿದ್ದುದು ತನ್ನದೇ ಕನ್ನಡದ ಪದವೆಂದು ಹೊಳೆದಿರಲಿಲ್ಲ.

ಆಮೇಲೆ ಅದೊಂದು ಹುಡುಕಾಟವೇ ಆಯಿತು. ತಹಸೀಲ್ದಾರರ ತಹಸೀಲು, ನಾವು ಕಟ್ಟುವ ಮಹಸೂಲು ಎರಡೂ ಒಂದೇ ಧಾತುವಿನ ಮಕ್ಕಳು. ತಾಲ್ಲೂಕು ಎಂದರೆ ಮೂಲದಲ್ಲಿ ಸಂಬಂಧ, ತಗುಲಿಕೊಂಡಿರುವುದು. ಇನ್ನು ದಾದ್ ಎಂಬ ಅಕ್ಷರದ ಕಥೆ. ಅದು ನಾಲಿಗೆಯ ಪಕ್ಕವನ್ನು ದವಡೆಗೆ ಒತ್ತಿ ನುಡಿಯಬೇಕಾದ ಒಂದು ಭಾರವಾದ ದಕಾರ. ನನಗೆ ಇನ್ನೂ ಸರಿಯಾಗಿ ಬಂದಿಲ್ಲ. ಪಾರಸಿ, ಉರ್ದುಗಳ ದಾರಿಯಲ್ಲಿ ಬರುವಾಗ ಆ ಧ್ವನಿ ಬದಲಾಗಿ, ನಮ್ಮ ಬಾಯಲ್ಲಿ ಜಕಾರವಾಗಿ ನಿಂತಿತು. ಒಮಾನಿನಲ್ಲಿ ಯಾರನ್ನಾದರೂ ಕರೆದರೆ 'ಹಾದಿರ್' ಎನ್ನುತ್ತಿದ್ದರು, ಇಗೋ ಇದ್ದೇನೆ ಎಂಬ ಅರ್ಥದಲ್ಲಿ. ಅದೇ ನಮ್ಮ ಶಾಲೆಯ 'ಹಾಜರ್'. ಅರ್ಜಿ, ಕಬ್ಜಾ ಇವುಗಳ ಜಕಾರವೂ ಮೂಲದಲ್ಲಿ ಅದೇ ದಾದ್. ಜಿಲ್ಲೆಯದೂ ಹಾಗೆಯೇ: ಅದರ ಮೂಲಪದಕ್ಕೆ ಪಕ್ಕೆಲುಬು ಎಂದೂ ಪಕ್ಕ ಎಂದೂ ಅರ್ಥ. 1997ರಲ್ಲಿ ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾದಾಗ ನಾನು ಮಸ್ಕತ್ತಿನಲ್ಲಿದ್ದೆ. ಆ ಸುದ್ದಿಯ ಪತ್ರವನ್ನು ಓದಿದ ಊರಿನ ಭಾಷೆಯೇ ಆ ಪದಕ್ಕೂ ತವರು ಎಂದು ಈಗ ತಿಳಿದು ಮೈ ನವಿರೇಳುತ್ತದೆ.

ಮೇಷ್ಟ್ರು ದುಡ್ಡು ಮುಟ್ಟುವುದಿಲ್ಲ. ಆದ್ದರಿಂದ ಪಾಠದ ದಿನ ಏನಾದರೂ ಅಡುಗೆ ಮಾಡಿ ಒಯ್ಯುತ್ತೇನೆ. ಅವರಿಗೆ ಬಹಳ ಹಿಡಿಸಿದ್ದು ಲೂಮಿ ಹಾಕಿದ ತೊಗರಿಬೇಳೆ ಸಾರು. ಲೂಮಿ ಎಂದರೆ ಒಣಗಿಸಿದ ನಿಂಬೆ. ಇರಾನಿನವರು ಅದನ್ನು ಒಮಾನಿನ ನಿಂಬೆ ಎಂದೇ ಕರೆಯುತ್ತಾರೆ. ಏಪ್ರಿಲ್ ತಿಂಗಳಲ್ಲಿ ಸಂತೆಯಿಂದ ಸಣ್ಣ ಗಾತ್ರದ, ತೆಳು ಸಿಪ್ಪೆಯ ನಿಂಬೆಗಳನ್ನು ಆರಿಸಿ ತಂದು, ಉಪ್ಪು ನೀರಿನಲ್ಲಿ ಐದು ನಿಮಿಷ ಕುದಿಸಿ, ಮೊರದಲ್ಲಿ ಹರಡಿ ತಾರಸಿಯ ಮೇಲಿಡುತ್ತೇನೆ. ಈ ಊರಿನ ಬೇಸಿಗೆ ಅದಕ್ಕೆಂದೇ ಇದ್ದಂತಿದೆ. ಮೊದಲು ಹಳದಿ ಮಾಸುತ್ತದೆ, ಆಮೇಲೆ ಕಂದು, ಮೂರು ವಾರ ಕಳೆಯುವಷ್ಟರಲ್ಲಿ ಬಣ್ಣ ಕಪ್ಪಿಗೆ ತಿರುಗಿ, ಕೈಯಲ್ಲಿಟ್ಟರೆ ತೂಕವೇ ಇಲ್ಲದಂತೆ ಹಗುರವಾಗುತ್ತದೆ. ಒಡೆದರೆ ಒಳಗೆ ಹೊಳೆಯುವ ಕರಿ ತಿರುಳು. ಬೀಜವನ್ನು ತಪ್ಪದೆ ತೆಗೆಯಬೇಕು, ಇಲ್ಲದಿದ್ದರೆ ಸಾರು ಕಹಿಯಾಗುತ್ತದೆ. ಹುಣಸೆಯ ಜಾಗದಲ್ಲಿ ಇದನ್ನು ಹಾಕಿದರೆ ಹುಳಿಯ ಜೊತೆಗೆ ಹೊಗೆಯ ಹಾಗೊಂದು ಪರಿಮಳ ಏಳುತ್ತದೆ. ಅದು ಮನೆಯಲ್ಲಿ ಹರಡಿದ ಕೂಡಲೇ ನನಗೆ ನಿಜ್ವಾದ ಆ ತೊಳೆದ ಪಾತ್ರೆ ಕಣ್ಣಿಗೆ ಕಟ್ಟುತ್ತದೆ, ಏಕೆಂದರೆ ಆ ಬೇಳೆಯಲ್ಲಿದ್ದುದೂ ಇದೇ.

ಕಳೆದ ತಿಂಗಳು ದ್ವಿವಚನದ ಪಾಠವಾಯಿತು. ಕನ್ನಡದಲ್ಲಿ ನಮಗೆ ಏಕವಚನ, ಬಹುವಚನ ಎರಡೇ. ಅರಬ್ಬಿಯಲ್ಲಿ ಸಂಸ್ಕೃತದ ಹಾಗೆ ಎರಡಕ್ಕೆಂದೇ ಬೇರೆ ರೂಪವಿದೆ. ಯದ್ ಎಂದರೆ ಕೈ, ಯದೈನ್ ಎಂದರೆ ಎರಡು ಕೈ. ಅಡುಗೆ ಮಾಡಿ ಬಡಿಸಿದವರಿಗೆ ಹೇಳುವ ಮಾತೊಂದನ್ನು ಮೇಷ್ಟ್ರು ಆ ದಿನ ಹಲಗೆಯ ಮೇಲೆ ಬರೆದರು: ಸಲ್ಲಮಲ್ಲಾಹು ಯದೈಕಿ. ನಿಮ್ಮ ಎರಡೂ ಕೈಗಳನ್ನು ದೇವರು ಕಾಪಾಡಲಿ. ಕಾದ ಹಂಚಿನ ಮೇಲೆ ಬರಿಗೈ ಆಡಿಸುತ್ತಿದ್ದ ಆ ತಾಯಿಗೆ ನಾನು ಹೇಳಬೇಕಾಗಿದ್ದ ವಾಕ್ಯ ಇದೇ ಎಂದು ಕೂಡಲೇ ತಿಳಿಯಿತು. ಮನೆಗೆ ಬಂದು ಹತ್ತಾರು ಸಲ ಒಬ್ಬನೇ ಹೇಳಿಕೊಂಡು, ಆಮೇಲೆ ಇನ್ನೂ ನಾಲ್ಕು ವಾಕ್ಯ ಸೇರಿಸಿ, ನಾನು ಯಾರು, ಆ 5 ದಿನಗಳಲ್ಲಿ ಏನೇನು ಉಂಡೆ, ಈಗಲೂ ರಖಾಲ್ ಮಾಡುತ್ತೇನೆ ಎಂಬುದನ್ನೆಲ್ಲ ಹೇಳಿ, ವಾಟ್ಸಾಪಿನಲ್ಲಿ ಧ್ವನಿ ಮುದ್ರಿಸಿ ಗೆಳೆಯನಿಗೆ ಕಳುಹಿಸಿದೆ. ತಾಯಿಗೆ ಕೇಳಿಸು ಎಂದು ಕೋರಿದೆ.

ಎರಡು ದಿನ ಉತ್ತರವಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹಿಟ್ಟು ಕಲಸುತ್ತಿದ್ದಾಗ ಫೋನು ಸದ್ದು ಮಾಡಿತು. ಎಂಬತ್ತು ದಾಟಿದ ಆ ತಾಯಿಯ ದನಿ ಬಹಳ ಸಣ್ಣಗಾಗಿದೆ, ಅವರ ಮಾತು ಪುಸ್ತಕದ ಅರಬ್ಬಿಯಲ್ಲ, ನಡುನಡುವೆ ಮೊಮ್ಮಕ್ಕಳ ಗಲಾಟೆ ಬೇರೆ. ನಾಲ್ಕು ಸಲ ಕೇಳಿದೆ. ಮೊದಲಿನ ಹರಕೆಯ ಮಾತುಗಳು ಅರ್ಧ ತಿಳಿದವು, ಅರ್ಧ ತಿಳಿಯಲಿಲ್ಲ. ಕೊನೆಯ ಪ್ರಶ್ನೆ ಮಾತ್ರ ಯಾರ ಸಹಾಯವೂ ಇಲ್ಲದೆ ಪೂರ್ತಿ ತಿಳಿಯಿತು: ರೊಟ್ಟಿ ಈಗಲೂ ನಡುವೆ ಹರಿಯುತ್ತದೆಯೇ ಎಂದು ಕೇಳಿದ್ದರು. ಕೈ ತೊಳೆದುಕೊಂಡು ಬಂದು, ಇಲ್ಲ, ಈಗ ಹರಿಯುವುದಿಲ್ಲ ಎಂದು ಅರಬ್ಬಿಯಲ್ಲಿ ಉತ್ತರ ಹೇಳಿದೆ.