ಮರೆವು ಕರಗುವ ವೇಗ

14 ಜೂನ್ 2025, ಶನಿವಾರ

ಅಮೆರಿಕದ ಸ್ಟೀಫನ್ ಕಿಂಗ್ ಬರೆದ ಭಯದ ಕಾದಂಬರಿ ‘ಇಟ್’ 1986ರಲ್ಲಿ ಬಂತು. ಮೊದಲ ಮುದ್ರಣವೇ ಸಾವಿರದ ನೂರು ಪುಟ ದಾಟಿತ್ತು. ಆ ದಪ್ಪಕ್ಕೆ ಹೆದರಿ, ಜೋಕರ್ ಬರುವ ಪುಟಗಳನ್ನಷ್ಟೇ ಓದಿದರೆ ಸಾಲದೇ ಎನ್ನುವವರಿದ್ದಾರೆ. ಸಾಲದು. ಇದು ಮರೆವಿನ ಕಾದಂಬರಿ. ಭಯವೆಲ್ಲ ಇರುವುದು ಆ ಮರೆವು ಕರಗುವ ವೇಗದಲ್ಲಿ.

ಅಮೆರಿಕದ ಮೇನ್ ರಾಜ್ಯದಲ್ಲಿ ಡೆರಿ ಎಂಬ ಕಲ್ಪಿತ ಊರು. 1958ರ ಬೇಸಿಗೆಯಲ್ಲಿ ಏಳು ಮಕ್ಕಳು ಚರಂಡಿಗಳ ಅಡಿಗಿಳಿದು ಅಲ್ಲಿದ್ದ ಪೀಡೆಯನ್ನು ಎದುರಿಸಿ ಬರುತ್ತಾರೆ. ಜೋಕರ್ ಅದರದೇ ಒಂದು ವೇಷ; ಒಬ್ಬೊಬ್ಬರಿಗೂ ಅದು ಅವರವರ ಭಯದ ರೂಪದಲ್ಲಿ ಕಾಣುತ್ತದೆ. ಅದು ಸತ್ತಿಲ್ಲವಾದರೆ ಮರಳಿ ಬರುತ್ತೇವೆಂದು ಅಂಗೈ ಕೊಯ್ದುಕೊಂಡು ಆಣೆ ಮಾಡುತ್ತಾರೆ. 1985ರಲ್ಲಿ, ಊರು ಬಿಡದೆ ಉಳಿದಿದ್ದ ಮೈಕ್ ಹ್ಯಾನ್ಲನ್ ಮಿಕ್ಕ ಆರು ಮಂದಿಗೂ ಫೋನ್ ಮಾಡುತ್ತಾನೆ. ಅವರಿಗೆ ಆ ಬೇಸಿಗೆಯೇ ನೆನಪಿಲ್ಲ. ಮೊದಲು ನೆನಪಾಗುವುದು ಮೈಗೆ: ಮಾಯವಾಗಿದ್ದ ಅಂಗೈಯ ಗೆರೆ ಮತ್ತೆ ಮೂಡುತ್ತದೆ, ಬಿಲ್‌ಗೆ ಬಿಟ್ಟುಹೋಗಿದ್ದ ಉಗ್ಗು ಮರಳುತ್ತದೆ. ಸ್ಟ್ಯಾನ್ ಮಾತ್ರ ಹೊರಡುವುದೇ ಇಲ್ಲ, ಮತ್ತೆ ಅಲ್ಲಿಗೆ ಹೋಗುವುದಕ್ಕಿಂತ ಸಾವೇ ಮೇಲೆಂದುಕೊಳ್ಳುತ್ತಾನೆ.

ಕಥೆ ಈ ಎರಡು ಕಾಲಗಳ ನಡುವೆ ಹಿಂದೆಮುಂದೆ ಓಡಾಡುತ್ತದೆ. ಓದಲು ಕೂರುವಾಗ ಪಕ್ಕದಲ್ಲೊಂದು ಹಾಳೆ ಇರಲಿ. ನಡುವೆ ಗೆರೆ ಎಳೆದು ಎಡಕ್ಕೆ 1958, ಬಲಕ್ಕೆ 1985 ಎಂದು ಬರೆಯಿರಿ. ಯಾರಿಗೆ ಏನು ಕಂಡಿತೆಂದು ಗುರುತಿಸುತ್ತ ಹೋಗಿ: ಬೆನ್‌ಗೆ ಹೆಪ್ಪುಗಟ್ಟಿದ ಕಾಲುವೆಯ ಮೇಲೆ ಈಜಿಪ್ಟಿನ ಮಮ್ಮಿ, ಎಡ್ಡಿಗೆ ಕುಷ್ಠರೋಗಿ, ಮೈಕ್‌ಗೆ ದೈತ್ಯ ಹಕ್ಕಿ, ಬೆವರ್ಲಿಗೆ ಬಚ್ಚಲಿನ ಸಿಂಕಿನಿಂದ ಚಿಮ್ಮುವ ರಕ್ತ. ಆ ರಕ್ತ ಅವಳ ಅಪ್ಪನಿಗೆ ಕಾಣುವುದಿಲ್ಲ. ಗೆಳೆಯರಿಗೆ ಕಾಣುತ್ತದೆ. ಅವರು ಅವಳ ಜೊತೆ ನಿಂತು ಗೋಡೆ ನೆಲವೆಲ್ಲ ಉಜ್ಜಿ ತೊಳೆಯುತ್ತಾರೆ, ಕೊಳೆಯಾದ ಬಟ್ಟೆಗಳನ್ನು ಒಗೆಯಲು ಲಾಂಡ್ರಿಗೆ ಒಯ್ಯುತ್ತಾರೆ. ‘ನಮಗೂ ಕಾಣ್ತಿದೆ’ ಎಂಬ ಸಮಾಧಾನವನ್ನು ಇಷ್ಟು ಸರಳವಾದ ಮನೆಗೆಲಸದಲ್ಲಿ ತೋರಿಸಿದ್ದು ನನಗೆ ಇಡೀ ಪುಸ್ತಕದಲ್ಲೇ ಅತಿ ಪ್ರಿಯವಾದ ಭಾಗ.

ಹೆಚ್ಚಿನವರು ಎಡವುವುದು ‘ಇಂಟರ್‌ಲ್ಯೂಡ್’ ಎಂಬ ಐದು ಅಧ್ಯಾಯಗಳಲ್ಲಿ. ಕಥೆ ನಿಂತೇ ಹೋಯಿತೆಂದು ಹಾರಿಸಿಬಿಡುತ್ತಾರೆ. ಅವು ಮೈಕ್‌ನ ದಿನಚರಿ. 1906ರ ಈಸ್ಟರ್‌ನಲ್ಲಿ ಕಬ್ಬಿಣದ ಕಾರ್ಖಾನೆ ಸಿಡಿದು ಮಕ್ಕಳು ಸತ್ತದ್ದು, 1930ರಲ್ಲಿ ಕಪ್ಪು ಸೈನಿಕರ ಕ್ಲಬ್ಬಿಗೆ ಬೆಂಕಿ ಇಟ್ಟದ್ದು ಅಲ್ಲಿ ಬರುತ್ತದೆ. ಹೆಚ್ಚುಕಮ್ಮಿ 27 ವರ್ಷಕ್ಕೊಮ್ಮೆ ಊರು ಇಂಥದ್ದನ್ನು ಕಂಡು ಬಾಯಿ ಮುಚ್ಚಿಕೊಂಡಿದೆ. ಬೆವರ್ಲಿಯ ಅಪ್ಪನ ಕುರುಡು ಎಷ್ಟು ಹಳೆಯದೆಂದು ತಿಳಿಯುವುದು ಇಲ್ಲೇ.

ಆಯುಧಗಳ ಲೆಕ್ಕವನ್ನೂ ಇಡಿ. ಎಡ್ಡಿಯ ಆಸ್ತಮಾ ಪಂಪಿನಲ್ಲಿರುವುದು ನೀರು, ರುಚಿಗೆ ಚೂರು ಕರ್ಪೂರ. ಔಷಧಿ ಅಂಗಡಿಯವನೇ ಅದನ್ನು ಅವನಿಗೆ ಹೇಳಿಬಿಡುತ್ತಾನೆ. ಆದರೂ 1985ರಲ್ಲಿ ಅದೇ ಪಂಪು ಪೀಡೆಯನ್ನು ಸುಡುತ್ತದೆ, ಎಡ್ಡಿ ಆ ಗಳಿಗೆಯಲ್ಲಿ ನಂಬಿದ್ದರಿಂದ. ಮಕ್ಕಳಾಗಿದ್ದಾಗ ಸಲೀಸಾಗಿ ಬರುತ್ತಿದ್ದ ಆ ನಂಬಿಕೆಯನ್ನು ನಲವತ್ತರ ಹೊಸ್ತಿಲಲ್ಲಿ ಹುಡುಕಿ ತರಬೇಕಾಗಿರುವುದೇ ಇವರ ಕಷ್ಟ. ಬ್ರಹ್ಮಾಂಡವನ್ನೇ ಹುಟ್ಟಿಸಿದ ಆಮೆಯೊಂದರ ಪ್ರಸಂಗ ಬಂದಾಗ ಮಾತ್ರ ಈ ಬಿಗಿ ಸಡಿಲುತ್ತದೆ. ಭಯ ಬಚ್ಚಲಿನಷ್ಟು ಹತ್ತಿರವಿದ್ದಾಗಲೇ ಚೆನ್ನಾಗಿತ್ತು.

ಕೊನೆಯ ಭಾಗದಲ್ಲಿ ಒಂದು ಕಾಲದಲ್ಲಿ ಶುರುವಾದ ವಾಕ್ಯ ಇನ್ನೊಂದು ಕಾಲದಲ್ಲಿ ಮುಗಿಯುತ್ತದೆ. ಅಲ್ಲಿ ಅವಸರ ಬೇಡ, ಹಾಳೆಯ ನಡುವಿನ ಗೆರೆಯನ್ನೂ ಮರೆಯಿರಿ. 2017ರ ಸಿನಿಮಾ ಬಾಲ್ಯವನ್ನಷ್ಟೇ ಹೇಳಿ, ದೊಡ್ಡವರ ಕಥೆಯನ್ನು 2019ರದಕ್ಕೆ ಬಿಟ್ಟಿತು. ಹೀಗಾಗಿ ಪಾತ್ರಗಳು ಮರೆತದ್ದು ನೋಡುವವರಿಗೆ ಮೊದಲೇ ಗೊತ್ತಿರುತ್ತದೆ. ಪುಸ್ತಕದಲ್ಲಿ ಅವರಿಗೆ ನೆನಪಾದಷ್ಟೇ ನಮಗೂ ಸಿಗುತ್ತದೆ.

ಕೊನೆಯ ಇಂಟರ್‌ಲ್ಯೂಡ್ ಅನ್ನು ಮೈಕ್ ಬರೆಯುವುದು ಆಸ್ಪತ್ರೆಯಿಂದ. ಅವನ ವಿಳಾಸ ಪುಸ್ತಕದಲ್ಲಿ ಗೆಳೆಯರ ಹೆಸರು, ಫೋನ್ ನಂಬರುಗಳ ಶಾಯಿ ಆಗಲೇ ಮಾಸತೊಡಗಿದೆ.