2255 ಅರ್ಜಿ ವಜಾ ಆದ ಮೇಲೆ ಅಪೀಲು ಹಾಕುವುದು ಹೇಗೆ

ಅಮೆರಿಕದ ಫೆಡರಲ್ ಕೇಸಿನಲ್ಲಿ ಸೆಕ್ಷನ್ 2255ರ ಅರ್ಜಿ, ಅಂದರೆ ಶಿಕ್ಷೆಯನ್ನು ರದ್ದುಮಾಡಿ ಅಥವಾ ತಿದ್ದಿ ಎಂದು ಕೈದಿ ಶಿಕ್ಷೆ ವಿಧಿಸಿದ ಕೋರ್ಟಿಗೇ ಹಾಕುವ ಅರ್ಜಿ, ವಜಾ ಆಯಿತೆಂದರೆ ಮೊದಲು ದಿನ ಎಣಿಸಿ. ಅಪೀಲಿಗೆ 60 ದಿನ ಇದೆ. ಕ್ರಿಮಿನಲ್ ಅಪೀಲಿಗೆ 14 ದಿನ ಎಂದು ಎಲ್ಲೋ ಓದಿ ಕೈಚೆಲ್ಲಬೇಡಿ. 2255ಕ್ಕೆ ಸಿವಿಲ್ ಕೇಸಿನ ಗಡುವು ಅನ್ವಯಿಸುತ್ತದೆ. ಎಣಿಕೆ ಶುರುವಾಗುವುದು ಆದೇಶ ದಾಖಲಾದ ದಿನದಿಂದ, ಪ್ರತಿ ಕೈಗೆ ಸಿಕ್ಕ ದಿನದಿಂದಲ್ಲ.

ನೋಟಿಸ್ ಆಫ್ ಅಪೀಲನ್ನು ಅದೇ ಜಿಲ್ಲಾ ಕೋರ್ಟಿಗೆ ಕೊಡಬೇಕು. ಒಂದು ಹಾಳೆ ಸಾಕು: ಯಾರು, ಯಾವ ಆದೇಶದ ಮೇಲೆ, ಯಾವ ಕೋರ್ಟಿಗೆ. ಜೈಲಿನಲ್ಲಿರುವವರು ಗಡುವಿನೊಳಗೆ ಜೈಲಿನ ಲೀಗಲ್ ಮೇಲ್‌ಗೆ ಕೊಟ್ಟರೆ ನಡೆಯುತ್ತದೆ; ಕೊಟ್ಟ ದಿನಾಂಕ ಮತ್ತು ಅಂಚೆ ವೆಚ್ಚ ತುಂಬಿದ ಬಗ್ಗೆ ಸಹಿ ಮಾಡಿದ ಹೇಳಿಕೆಯನ್ನೂ ಜೊತೆಗಿಡಿ. ಆದೇಶ ದಾಖಲಾದ 28 ದಿನದೊಳಗೆ ಸಿವಿಲ್ ನಿಯಮಗಳ ರೂಲ್ 59(ಇ) ಅಡಿ ಮರುಪರಿಶೀಲನೆ ಕೇಳಿದರೆ 60 ದಿನದ ಎಣಿಕೆ ನಿಲ್ಲುತ್ತದೆ. ಸಿಒಎ (ಅಪೀಲಿಗೆ ಬೇಕಾದ ಅನುಮತಿ ಪತ್ರ) ನಿರಾಕರಣೆಯನ್ನಷ್ಟೇ ಮರುಪರಿಶೀಲಿಸಿ ಎಂದು ಕೇಳಿದರೆ ನಿಲ್ಲುವುದಿಲ್ಲ. ಗಡುವಿನ ವಿಷಯದಲ್ಲಿ ಕೋರ್ಟು ಎಷ್ಟು ನಿಷ್ಠುರ ಎಂಬುದಕ್ಕೆ 2007ರ ಬೌಲ್ಸ್ ತೀರ್ಪು ನೋಡಿ. ಮುಗಿದುಹೋದ ಅಪೀಲು ಅವಧಿಯನ್ನು ಮತ್ತೆ ತೆರೆಯುವಾಗ ಕಾನೂನಿನಲ್ಲಿದ್ದದ್ದು 14 ದಿನ, ನ್ಯಾಯಾಧೀಶರು ತಪ್ಪಿ ಕೊಟ್ಟದ್ದು 17. ಅದನ್ನು ನಂಬಿದ ಕೈದಿಯ ಅಪೀಲು ಬಿದ್ದುಹೋಯಿತು.

ಇನ್ನು ಸಿಒಎ, ಅಂದರೆ ಸರ್ಟಿಫಿಕೇಟ್ ಆಫ್ ಅಪೀಲಬಿಲಿಟಿ. ಇದಿಲ್ಲದೆ ಅಪೀಲಿನ ವಿಚಾರಣೆಯೇ ಇಲ್ಲ. ಸೋತ ಸರ್ಕಾರಕ್ಕೆ ಇದು ಬೇಡ, ಕೈದಿಗೆ ಬೇಕೇ ಬೇಕು! ಜಿಲ್ಲಾ ನ್ಯಾಯಾಧೀಶರು ಕೊಡದಿದ್ದರೆ ಸರ್ಕಿಟ್ ಕೋರ್ಟನ್ನು (ಫೆಡರಲ್ ಮೇಲ್ಮನವಿ ಕೋರ್ಟು) ಕೇಳಬಹುದು. ನೋಟಿಸನ್ನೇ ಕೋರಿಕೆ ಎಂದು ಪರಿಗಣಿಸುತ್ತಾರೆ ನಿಜ, ಆದರೆ ಅದರಲ್ಲಿ ವಾದ ಇರುವುದಿಲ್ಲ. ಬೇರೆ ಅರ್ಜಿ ಬರೆಯಿರಿ. ಗೆದ್ದೇ ಗೆಲ್ಲುತ್ತೇವೆಂದು ತೋರಿಸಬೇಕಿಲ್ಲ. ವಿವೇಕಿ ನ್ಯಾಯಾಧೀಶರಲ್ಲೂ ಈ ತೀರ್ಮಾನದ ಬಗ್ಗೆ ಭಿನ್ನಾಭಿಪ್ರಾಯ ಬರಬಹುದು ಎಂದು ತೋರಿಸಿದರೆ ಸಾಕು. ಪ್ರಶ್ನೆ ಮಾತ್ರ ಸಂವಿಧಾನದ ಹಕ್ಕಿನದಾಗಿರಬೇಕು. ಶಿಕ್ಷೆಯ ಮಾರ್ಗಸೂಚಿಯ ಲೆಕ್ಕ ತಪ್ಪಿತು ಎಂದಷ್ಟೇ ಹೇಳಿದರೆ ಸಾಲದು. ಆ ತಪ್ಪನ್ನು ವಕೀಲರು ಎತ್ತಲಿಲ್ಲ, ಸಮರ್ಥ ವಕೀಲರ ನೆರವು ಪಡೆಯುವ ಆರನೇ ತಿದ್ದುಪಡಿಯ ಹಕ್ಕಿಗೆ ಧಕ್ಕೆಯಾಯಿತು ಎಂಬ ವಾದ ಬೇಕು. ಹತ್ತು ದೂರು ತುರುಕುವುದಕ್ಕಿಂತ ಗಟ್ಟಿಯಾದ ಎರಡೋ ಮೂರೋ ಮೇಲು.

ಅರ್ಜಿ ತಡವಾಯಿತೆಂದು ವಜಾ ಆಗಿದ್ದರೆ ಇನ್ನೂ ಎಚ್ಚರ ಬೇಕು. 2000ದ ಸ್ಲ್ಯಾಕ್ ತೀರ್ಪಿನಂತೆ ತಡದ ಬಗ್ಗೆಯೂ ಮೂಲ ದೂರಿನ ಬಗ್ಗೆಯೂ ಚರ್ಚೆಗೆ ಅವಕಾಶವಿದೆ ಎಂದು ತೋರಿಸಬೇಕು. ತಡದ ಕಾರಣವನ್ನೇ ಹತ್ತು ಪುಟ ಬರೆದು ಮೂಲ ದೂರು ಬಿಟ್ಟರೆ ಸಿಒಎ ಸಿಗುವುದಿಲ್ಲ.

ಅಲ್ಲಿರುವ ನಮ್ಮವರಲ್ಲಿ ಗ್ರೀನ್ ಕಾರ್ಡ್ ಅಥವಾ ಎಚ್-1ಬಿ ಇರುವವರು ತಪ್ಪೊಪ್ಪಿಕೊಂಡಿದ್ದರೆ 2017ರ ಲೀ ತೀರ್ಪನ್ನು ಓದಲೇಬೇಕು. ತಪ್ಪೊಪ್ಪಿಕೊಂಡರೂ ಗಡೀಪಾರು ಆಗುವುದಿಲ್ಲ ಎಂದು ಲೀ ಅವರ ವಕೀಲರು ಹೇಳಿದ್ದು ಸುಳ್ಳಾಗಿತ್ತು. ಜಿಲ್ಲಾ ಕೋರ್ಟಿನಲ್ಲೂ ಸರ್ಕಿಟ್ ಕೋರ್ಟಿನಲ್ಲೂ ಸೋತ ಲೀ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಗೆಲ್ಲಿಸಿದ್ದು ಆ ಹೊತ್ತಿನ ದಾಖಲೆ: ಗಡೀಪಾರಿನ ವಿಷಯ ನಿಮ್ಮ ನಿರ್ಧಾರವನ್ನು ಬದಲಿಸುತ್ತದೆಯೇ ಎಂದು ನ್ಯಾಯಾಧೀಶರು ಕೇಳಿದಾಗ ಅವರು ಹೌದು ಎಂದಿದ್ದರು. ಆದ್ದರಿಂದ ತಪ್ಪೊಪ್ಪಿಗೆಯ ದಿನದ ಟ್ರಾನ್ಸ್‌ಕ್ರಿಪ್ಟ್, ವಕೀಲರ ಇಮೇಲುಗಳನ್ನು ಹುಡುಕಿ ತೆಗೆಯಿರಿ. "ಗೊತ್ತಿದ್ದರೆ ಒಪ್ಪುತ್ತಿರಲಿಲ್ಲ" ಎಂಬ ಈಗಿನ ಮಾತಿಗೆ ಕೋರ್ಟಿನಲ್ಲಿ ಬೆಲೆ ಕಡಿಮೆ.

ಸರ್ಕಿಟ್ ಕೋರ್ಟೂ ಸಿಒಎ ನಿರಾಕರಿಸಿದರೆ ಸುಪ್ರೀಂ ಕೋರ್ಟಿಗೆ ಹೋಗಲು 90 ದಿನ ಇದೆ.